ಕಾರಿನ ಇಂಡಿಕೇಟರ್ ಮತ್ತು ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಡಿಕೇಟರ್ ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ತಾಂತ್ರಿಕವಾದದ್ದು ಆಮೇಲೆ.

ಮೊದಲೇ ಒಂದು ಮಾತು. ಇಂಡಿಕೇಟರ್ ಬಗ್ಗೆ ಎರಡು ಬಗೆಯ ಕಾನೂನುಗಳಿವೆ. ದೀಪ ಹೇಗಿರಬೇಕು ಎಂದು ಹೇಳುವುದು ಒಂದು. ಅದನ್ನು ಯಾವಾಗ ಹಾಕಬೇಕು ಎಂದು ಹೇಳುವುದು ಇನ್ನೊಂದು. ದೀಪದ ವಿಚಾರದಲ್ಲಿ ಜಗತ್ತಿನ ಹೆಚ್ಚಿನ ಕಾರುಗಳು ಎರಡು ಪದ್ಧತಿಗಳಲ್ಲಿ ಒಂದಕ್ಕೆ ಸೇರುತ್ತವೆ. ಯುರೋಪ್, ಜಪಾನ್ ಸೇರಿದಂತೆ ಬಹಳಷ್ಟು ದೇಶಗಳು ವಿಶ್ವಸಂಸ್ಥೆಯ ವಾಹನ ನಿಯಮಗಳನ್ನು ಪಾಲಿಸುತ್ತವೆ. ಅಮೆರಿಕದಲ್ಲಿ ಫೆಡರಲ್ ಸುರಕ್ಷತಾ ಮಾನದಂಡ 108 ನಡೆಯುತ್ತದೆ. ಕೆಳಗೆ "ವಿಶ್ವಸಂಸ್ಥೆಯ ನಿಯಮ" ಎಂದಾಗಲೆಲ್ಲ ಹೆಚ್ಚಾಗಿ 48ನೇ ನಿಯಮದ ಬಗ್ಗೆ ಹೇಳುತ್ತಿದ್ದೇನೆ. ಕಾರಿನ ಮೇಲೆ ಯಾವ ದೀಪ ಎಲ್ಲಿ ಕೂರಬೇಕು ಎಂದು ಹೇಳುವುದು ಅದೇ.

### ಓಡಿಸುವವರ ಪ್ರಶ್ನೆಗಳು

ಇಂಡಿಕೇಟರ್ ಹಾಕೋದು ಕಾನೂನಾ, ಇಲ್ಲಾ ಸುಮ್ನೆ ಒಳ್ಳೆ ಅಭ್ಯಾಸವಾ?

ಕಾನೂನು. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 14ನೇ ವಿಧಿ ಇದನ್ನು ನೇರವಾಗಿ ಹೇಳುತ್ತದೆ. ತಿರುಗುವ ಮೊದಲು, ಅಥವಾ ಪಕ್ಕಕ್ಕೆ ಸರಿಯುವ ಮೊದಲು, ಚಾಲಕ ಸ್ಪಷ್ಟವಾದ, ಸಾಕಷ್ಟು ಮುನ್ಸೂಚನೆ ಕೊಡಬೇಕು. ಇಂಡಿಕೇಟರ್‌ನಿಂದ ಕೊಡಬೇಕು, ಅದು ಆಗದಿದ್ದರೆ ಸಾಧ್ಯವಾದರೆ ಕೈ ಸನ್ನೆಯಿಂದ. ತಿರುಗಿ ಮುಗಿಯುವವರೆಗೂ ಸೂಚನೆ ಇರಬೇಕು, ಮುಗಿದ ಕೂಡಲೇ ನಿಲ್ಲಬೇಕು.

ಕೊನೆಯ ಭಾಗವನ್ನು ಬಹಳ ಜನ ಮರೆಯುತ್ತಾರೆ. ಆರಿಸುವುದೂ ನಿಯಮದ ಭಾಗವೇ. ಮೈಲಿಗಟ್ಟಲೆ ಮಿನುಗುತ್ತಲೇ ಹೋಗುವ ಇಂಡಿಕೇಟರ್ ಹಾಕದೇ ಇರುವುದಕ್ಕಿಂತ ಅಪಾಯ. ಅದನ್ನು ನಂಬಿ ಇನ್ನೊಬ್ಬರು ರಸ್ತೆಗೆ ಇಳಿಯುತ್ತಾರೆ.

ಎಷ್ಟು ಮೊದಲೇ ಹಾಕಬೇಕು? ಮೀಟರ್ ಲೆಕ್ಕ ಇದೆಯಾ?

ಕೆಲವು ದೇಶಗಳಲ್ಲಿ ಮೀಟರ್ ಲೆಕ್ಕ, ಕೆಲವು ಕಡೆ ಸೆಕೆಂಡ್ ಲೆಕ್ಕ, ಇನ್ನು ಕೆಲವು ಕಡೆ "ಸಾಕಷ್ಟು ಮೊದಲು" ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ತಿರುಗುವ ಮೊದಲಿನ 100 ಅಡಿ, ಅಂದರೆ ಸುಮಾರು 30 ಮೀಟರ್, ಸೂಚನೆ ನಿರಂತರವಾಗಿರಬೇಕು. ಅಮೆರಿಕದ ಇನ್ನೂ ಹಲವು ರಾಜ್ಯಗಳಲ್ಲಿ ಇದೇ ಅಳತೆ. ಜಪಾನ್ ಎರಡನ್ನೂ ಬಳಸುತ್ತದೆ: ತಿರುವಿಗೆ 30 ಮೀಟರ್ ಮೊದಲು, ಲೇನ್ ಬದಲಿಸಲು 3 ಸೆಕೆಂಡ್ ಮೊದಲು. ನ್ಯೂಜಿಲೆಂಡ್‌ನಲ್ಲಿ ಕನಿಷ್ಠ 3 ಸೆಕೆಂಡ್. ಆಸ್ಟ್ರೇಲಿಯಾದಲ್ಲಿ ರಸ್ತೆ ಬದಿಯಲ್ಲಿ ನಿಂತ ಕಾರನ್ನು ಹೊರಡಿಸುವಾಗ ಕನಿಷ್ಠ 5 ಸೆಕೆಂಡ್.

ನನಗೆ ಸೆಕೆಂಡ್ ಲೆಕ್ಕವೇ ಸರಿ ಎನಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 16 ಮೀಟರ್‌ಗೂ ಜಾಸ್ತಿ ಓಡುತ್ತದೆ. 30 ಮೀಟರ್ ಎರಡು ಸೆಕೆಂಡ್ ಕೂಡ ಆಗುವುದಿಲ್ಲ. ಹಿಂದಿನವರು ನೋಡಬೇಕು, ಅರ್ಥ ಮಾಡಿಕೊಳ್ಳಬೇಕು, ಕಾಲು ಬ್ರೇಕ್ ಮೇಲೆ ಇಡಬೇಕು. ಅದಕ್ಕೆ ಎರಡು ಸೆಕೆಂಡ್ ಸಾಲದು. ಅಳತೆ ಮೀಟರ್‌ನಲ್ಲಿರುವ ಕಡೆಯೂ ವೇಗ ಹೆಚ್ಚಿದ್ದರೆ ಇನ್ನೂ ಮೊದಲೇ ಹಾಕಿ. ಕಾನೂನು ಹೇಳುವುದು ಕನಿಷ್ಠ ಮಿತಿ.

ಹಿಂದೆ ಯಾರೂ ಇಲ್ಲ. ಆಗಲೂ ಬೇಕಾ?

ವಿಯೆನ್ನಾ ಒಪ್ಪಂದದ ಮಾತಿನಲ್ಲಿ ಅಂಥ ವಿನಾಯಿತಿ ಇಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಮಾತ್ರ ನಿಮ್ಮ ಚಲನೆಯಿಂದ ಬೇರೆ ವಾಹನಕ್ಕೆ ಪರಿಣಾಮ ಆಗುವಂತಿದ್ದರೆ ಸೂಚನೆ ಬೇಕು ಎನ್ನುತ್ತದೆ. ಆದರೆ "ಯಾರೂ ಇಲ್ಲ" ಎಂದು ತೀರ್ಮಾನಿಸುವವರು ಯಾರು? ಕನ್ನಡಿಯ ಕುರುಡು ಜಾಗದಲ್ಲಿರುವ ಸೈಕಲ್ ಸವಾರ ನಿಮಗೆ ಕಾಣುವುದಿಲ್ಲ. ನಿಮಗೆ ಕಾಣದವರಿಗೇ ಇಂಡಿಕೇಟರ್ ಹೆಚ್ಚು ಬೇಕಾಗುವುದು. ಅದಕ್ಕೇ ಪ್ರತಿ ಸಲ ಹಾಕಿ.

ಇಂಡಿಕೇಟರ್ ಹಾಕಿದ ಮೇಲೆ ದಾರಿ ನನ್ನದೇ ಅಲ್ವಾ?

ಅಲ್ಲ. ಬ್ರಿಟನ್‌ನ ಹೆದ್ದಾರಿ ಸಂಹಿತೆ ಸೂಚನೆ ಕೊಟ್ಟ ಮಾತ್ರಕ್ಕೆ ಆದ್ಯತೆ ಸಿಗುವುದಿಲ್ಲ ಎಂದು ಬಿಡಿಸಿ ಹೇಳುತ್ತದೆ. ಬೇರೆ ದೇಶಗಳಲ್ಲೂ ತತ್ವ ಇದೇ. ಲೇನ್ ಬದಲಿಸುವವರೇ ಜಾಗ ಇದೆಯೇ ಎಂದು ನೋಡಬೇಕು. ದೀಪ ಹಾಕಿದ ಕ್ಷಣವೇ ಸ್ಟೀರಿಂಗ್ ತಿರುಗಿಸಿದರೆ ಅದು ಮುನ್ಸೂಚನೆ ಆಗುವುದಿಲ್ಲ.

ರೌಂಡಬೌಟ್‌ನಲ್ಲಿ ಯಾವಾಗ ಹಾಕಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಹೇಳುವವರ ತಪ್ಪಲ್ಲ, ನಿಯಮಗಳೇ ಬೇರೆ ಬೇರೆ. ಜರ್ಮನಿಯಲ್ಲಿ ರೌಂಡಬೌಟ್ ಒಳಗೆ ಹೋಗುವಾಗ ಇಂಡಿಕೇಟರ್ ಹಾಕುವುದು ನಿಷಿದ್ಧ, ಹೊರಗೆ ಬರುವಾಗ ಕಡ್ಡಾಯ. ಆಸ್ಟ್ರೇಲಿಯಾದಲ್ಲಿ ನೇರ ಹೋಗುವವರನ್ನು ಬಿಟ್ಟು ಎಡಕ್ಕೋ ಬಲಕ್ಕೋ ಹೋಗುವವರು ಒಳಗೆ ಬರುವಾಗಲೇ ಹಾಕಬೇಕು, ಸಾಧ್ಯವಿದ್ದರೆ ಹೊರಡುವಾಗಲೂ ಹಾಕಬೇಕು. ಹೊರಗೆ ಬರುವಾಗ ಸೂಚನೆ ಕೊಡುವುದು ಹೆಚ್ಚಿನ ಕಡೆ ಸರಿಹೋಗುತ್ತದೆ. ಕಾಯುತ್ತಿರುವವರಿಗೆ ನಿಜಕ್ಕೂ ಬೇಕಾದ ಮಾಹಿತಿಯೂ ಅದೇ.

ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಬಹುದಾ?

ದಯವಿಟ್ಟು ಬೇಡ. ನಾಲ್ಕೂ ಮಿನುಗುವುದಕ್ಕೆ ಹಜಾರ್ಡ್ ಎನ್ನುತ್ತಾರೆ. ನಿಂತ ಅಥವಾ ಕೆಟ್ಟ ವಾಹನದ ಬಗ್ಗೆ ಎಚ್ಚರಿಸಲು ಅದು ಇರುವುದು. ಬ್ರಿಟನ್‌ನಲ್ಲಿ ಓಡುತ್ತಿರುವ ಕಾರಿನಲ್ಲಿ ಹಜಾರ್ಡ್ ಹಾಕುವಂತಿಲ್ಲ. ಮೋಟಾರ್‌ವೇ ಅಥವಾ ವೇಗಮಿತಿ ಕಡಿಮೆ ಮಾಡದ, ನಡುವೆ ವಿಭಜಕವಿರುವ ಜೋಡಿ ರಸ್ತೆಯಲ್ಲಿ ಮುಂದೆ ಅಡಚಣೆ ಇದೆ ಎಂದು ಹಿಂದಿನವರಿಗೆ ಸ್ವಲ್ಪ ಹೊತ್ತು ತಿಳಿಸಲು ಮಾತ್ರ ಅವಕಾಶ. ನಿಲ್ಲಿಸಬಾರದ ಜಾಗದಲ್ಲಿ ಕಾರು ನಿಲ್ಲಿಸಲು ಹಜಾರ್ಡ್ ಒಂದು ನೆಪ ಆಗುವುದಿಲ್ಲ ಎಂದೂ ಅದೇ ಸಂಹಿತೆ ಹೇಳುತ್ತದೆ.

ಕಾರಣ ಸರಳ. ನಾಲ್ಕೂ ಮಿನುಗುತ್ತಿದ್ದರೆ ನೀವು ಎಡಕ್ಕೆ ಹೋಗುತ್ತೀರೋ ಬಲಕ್ಕೋ ಎಂದು ಹೇಳಲು ನಿಮ್ಮ ಬಳಿ ದೀಪವೇ ಉಳಿದಿರುವುದಿಲ್ಲ. ಪಕ್ಕದ ಲಾರಿ ಮರೆಯಾಗಿ ನಿಮ್ಮ ಒಂದೇ ಬದಿ ಕಾಣುವವರಿಗೆ ನೀವು ತಿರುಗುತ್ತಿರುವಂತೆ ಕಾಣುತ್ತದೆ. ನಿಂತ ಕಾರು ಯಾವುದು, ಓಡುವ ಕಾರು ಯಾವುದು ಎಂಬುದೂ ತಿಳಿಯುವುದಿಲ್ಲ. ಮಳೆಗೆ ಹೆಡ್‌ಲೈಟನ್ನು ಡಿಮ್‌ನಲ್ಲಿ ಹಾಕಿ. ತೀರಾ ಕಾಣದಿದ್ದರೆ ಫಾಗ್ ಲೈಟ್ ಹಾಕಿ.

ದಾರಿ ಮಧ್ಯೆ ಬಲ್ಬ್ ಹೋದರೆ?

ಕೈ ಸನ್ನೆ ಈಗಲೂ ಕಾನೂನಿನಲ್ಲಿದೆ. ಆದರೆ ರಾತ್ರಿ ಅದು ಕಾಣುವುದಿಲ್ಲ, ಕಾರಿನ ಇನ್ನೊಂದು ಬದಿಯಲ್ಲಿರುವವರಿಗೆ ಹಗಲಲ್ಲೂ ಕಾಣುವುದಿಲ್ಲ. ಮೊದಲು ಸಿಗುವ ಕಡೆ ಬಲ್ಬ್ ಬದಲಿಸಿ.

### ದೀಪದ ಬಗ್ಗೆ ಪ್ರಶ್ನೆಗಳು

ಕೆಲವು ಅಮೆರಿಕನ್ ಕಾರುಗಳ ಹಿಂದೆ ಕೆಂಪು ಇಂಡಿಕೇಟರ್ ಇದೆ. ಅದು ಹೇಗೆ ಸರಿ?

ವಿಶ್ವಸಂಸ್ಥೆಯ ನಿಯಮದಲ್ಲಿ ಇಂಡಿಕೇಟರ್ ಮುಂದೆ, ಹಿಂದೆ, ಬದಿಯಲ್ಲಿ ಎಲ್ಲ ಕಡೆ ಅಂಬರ್ ಬಣ್ಣದ್ದೇ ಆಗಿರಬೇಕು. ಕಿತ್ತಳೆ ಬೆರೆತ ಹಳದಿ. ಅಮೆರಿಕದಲ್ಲಿ ಮುಂದೆ ಅಂಬರ್ ಕಡ್ಡಾಯ, ಆದರೆ ಹಿಂದೆ ಅಂಬರ್ ಅಥವಾ ಕೆಂಪು ಯಾವುದಾದರೂ ಇರಬಹುದು. ಕೆನಡಾದಲ್ಲೂ ಹಾಗೇ.

ಕೆಂಪು ಬಳಸುವ ಹಲವು ಕಾರುಗಳಲ್ಲಿ ಬ್ರೇಕ್ ದೀಪ ಮತ್ತು ಇಂಡಿಕೇಟರ್ ಒಂದೇ ದೀಪ. ಬ್ರೇಕ್ ಒತ್ತಿ ಎಡಕ್ಕೆ ಸೂಚಿಸಿದರೆ ಬಲದ್ದು ಉರಿಯುತ್ತಾ ಇರುತ್ತದೆ, ಎಡದ್ದು ಮಿನುಗುತ್ತದೆ. ಎರಡೂ ಬದಿ ಕಂಡರೆ ತೊಂದರೆ ಇಲ್ಲ. ಒಂದು ಬದಿ ಮಾತ್ರ ಕಂಡವರಿಗೆ ಅದು ಬ್ರೇಕೋ ತಿರುವೋ ಎಂದು ತಿಳಿಯಲು ಒಂದೆರಡು ಮಿನುಗು ಕಾಯಬೇಕು. ಅಷ್ಟು ಹೊತ್ತು ರಸ್ತೆಯಲ್ಲಿ ದೊಡ್ಡದು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಹಿಂದಿನ ಇಂಡಿಕೇಟರ್ ಬಣ್ಣ ಬದಲಾದ ಕಾರು ಮಾದರಿಗಳನ್ನು ಹೋಲಿಸಿ ನೋಡಿದಾಗ, ಇಂಡಿಕೇಟರ್‌ಗೆ ಕೆಲಸವಿರುವ ಸಂದರ್ಭಗಳಲ್ಲಿ ಹಿಂದಿನಿಂದ ಗುದ್ದಿಸಿಕೊಳ್ಳುವುದು ಅಂಬರ್ ಇದ್ದಾಗ ಶೇ 5.3ರಷ್ಟು ಕಡಿಮೆ ಎಂದು ಕಂಡಿತು. ಆದರೂ ಅಲ್ಲಿ ಕೆಂಪಿಗೆ ಅನುಮತಿ ಉಳಿದಿದೆ. ಬಣ್ಣ ಬದಲಿಸಿದರೆ ಸಾಕು, ಹೊಸ ಯಂತ್ರವೇನೂ ಬೇಡ. ಇಷ್ಟು ಸುಲಭದ ಸುಧಾರಣೆ ಎಲ್ಲ ಕಡೆ ಬರಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ನಿಮಿಷಕ್ಕೆ ಎಷ್ಟು ಸಲ ಮಿನುಗಬೇಕು?

60ರಿಂದ 120 ಸಲ. ವಿಶ್ವಸಂಸ್ಥೆಯ ನಿಯಮ ಇದನ್ನೇ 90ಕ್ಕೆ 30 ಹೆಚ್ಚು ಕಡಿಮೆ ಎಂದು ಬರೆಯುತ್ತದೆ. ಅಮೆರಿಕದಲ್ಲೂ ಇದೇ ಮಿತಿ, ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೂ ಇದೇ. ಬಣ್ಣದಲ್ಲಿ ಒಪ್ಪದವರೂ ಲಯದಲ್ಲಿ ಒಪ್ಪಿದ್ದಾರೆ. ಇದಲ್ಲದೆ, ಸ್ಟೀರಿಂಗ್ ಪಕ್ಕದ ಇಂಡಿಕೇಟರ್ ಕಡ್ಡಿ ಒತ್ತಿದ ಒಂದು ಸೆಕೆಂಡಿನೊಳಗೆ ಬೆಳಕು ಬರಬೇಕು, ಒಂದೂವರೆ ಸೆಕೆಂಡಿನೊಳಗೆ ಮೊದಲ ಸಲ ಆರಬೇಕು ಎಂದು ವಿಶ್ವಸಂಸ್ಥೆಯ ನಿಯಮ ಹೇಳುತ್ತದೆ. ಒಂದು ಬದಿಯ ಎಲ್ಲ ಇಂಡಿಕೇಟರ್‌ಗಳೂ ಒಂದೇ ಸ್ವಿಚ್‌ನಿಂದ, ಒಟ್ಟಿಗೆ ಮಿನುಗಬೇಕು.

ಒಂದು ಬದಿ ಮಾತ್ರ ಟಕಟಕ ಅಂತ ಜೋರಾಗಿ ಬಡ್ಕೊಳ್ತಿದೆ. ಕೆಟ್ಟಿದೆಯಾ?

ಆ ಬದಿಯ ಒಂದು ಬಲ್ಬ್ ಹೋಗಿರಬಹುದು. ಮಿನುಗು ಹೀಗೆ ಬದಲಾಗುವಂತೆ ಮಾಡಿರುವುದು ಕಾನೂನೇ. ಇಂಡಿಕೇಟರ್ ಕೆಟ್ಟರೆ ಚಾಲಕನಿಗೆ ಗೊತ್ತಾಗಬೇಕು: ಡ್ಯಾಶ್‌ಬೋರ್ಡಿನ ದೀಪ ಆರಬೇಕು, ಅಥವಾ ಮಿನುಗದೆ ಉರಿಯುತ್ತಲೇ ಇರಬೇಕು, ಅಥವಾ ಲಯ ಎದ್ದು ಕಾಣುವಂತೆ ಬದಲಾಗಬೇಕು. ಹಳೆ ಬಗೆಯ ಬಲ್ಬ್ ಇರುವ ಹೆಚ್ಚಿನ ಕಾರುಗಳು ಮೂರನೆಯದನ್ನು ಆರಿಸಿಕೊಂಡಿವೆ.

ಟಿಕ್ ಟಿಕ್ ಸದ್ದು ಬರಲೇಬೇಕಾ?

ಸೂಚನೆ ಬೇಕು, ಅದು ಸದ್ದೇ ಆಗಬೇಕೆಂದಿಲ್ಲ. ವಿಶ್ವಸಂಸ್ಥೆಯ ನಿಯಮದ ಪ್ರಕಾರ ಅದು ಬೆಳಕು, ಸದ್ದು ಅಥವಾ ಎರಡೂ ಇರಬಹುದು. ಹಿಂದೆ ರಿಲೇ, ಅಂದರೆ ದೀಪವನ್ನು ಮಿನುಗಿಸುವ ಸ್ವಿಚ್, ಬಡಿಯುವ ಸದ್ದು ತಾನಾಗಿ ಬರುತ್ತಿತ್ತು. ಈಗ ಹೆಚ್ಚಿನ ಕಾರುಗಳಲ್ಲಿ ಸ್ಪೀಕರ್‌ನಿಂದ ಬರುತ್ತದೆ.

ತಿರುಗಿದ ಮೇಲೆ ತಾನಾಗಿ ಆರುವುದು ಕಡ್ಡಾಯವೇ?

ಅಮೆರಿಕದಲ್ಲಿ ಹೌದು. 2,032 ಮಿಲಿಮೀಟರ್‌ಗಿಂತ ಕಡಿಮೆ ಅಗಲದ ವಾಹನಗಳಲ್ಲಿ ಸ್ಟೀರಿಂಗ್ ವಾಪಸ್ ಬಂದಾಗ ಇಂಡಿಕೇಟರ್ ಆರಬೇಕು, ಕೈಯಿಂದ ಆರಿಸಲೂ ಆಗಬೇಕು. ಲೇನ್ ಬದಲಿಸುವಾಗ ಸ್ಟೀರಿಂಗ್ ಅಷ್ಟು ತಿರುಗುವುದಿಲ್ಲ. ಅಲ್ಲಿ ಆರಿಸುವ ಹೊಣೆ ನಿಮ್ಮದೇ.

ಕಾರಿಗೆ ಎಷ್ಟು ಇಂಡಿಕೇಟರ್ ಇರಬೇಕು? ಎಲ್ಲಿ?

ವಿಶ್ವಸಂಸ್ಥೆಯ ನಿಯಮದಲ್ಲಿ ಕನಿಷ್ಠ ಆರು: ಮುಂದೆ ಎರಡು, ಹಿಂದೆ ಎರಡು, ಬದಿಗೊಂದರಂತೆ ಎರಡು. ಮುಂದಿನ ಮತ್ತು ಹಿಂದಿನವು ನೆಲದಿಂದ 350 ಮಿಲಿಮೀಟರ್‌ಗಿಂತ ಕೆಳಗಿರಬಾರದು, 1,500 ಮಿಲಿಮೀಟರ್‌ಗಿಂತ ಮೇಲಿರಬಾರದು. ವಾಹನದ ಆಕಾರ ಬಿಡದಿದ್ದರೆ 2,100ರವರೆಗೆ ಹೋಗಬಹುದು. ಕಾರಿನ ಹೊರ ಅಂಚಿನಿಂದ 400 ಮಿಲಿಮೀಟರ್ ಒಳಗೇ ಇರಬೇಕು. ಎಡ ಬಲ ದೀಪಗಳ ನಡುವೆ ಕನಿಷ್ಠ 600 ಮಿಲಿಮೀಟರ್ ಅಂತರ ಬೇಕು, ತೀರಾ ಕಿರಿದಾದ ವಾಹನಕ್ಕೆ 400 ಸಾಕು.

ಈ ಅಂಕಿಗಳ ಹಿಂದೆ ಒಂದೇ ಉದ್ದೇಶ ಇದೆ. ದೂರದಿಂದ ನೋಡಿದವರಿಗೆ ಇದು ಎಡದ್ದೋ ಬಲದ್ದೋ ಎಂಬ ಗೊಂದಲ ಬರಬಾರದು. ನಡುವೆ ಅಂತರ ಇಲ್ಲದಿದ್ದರೆ ರಾತ್ರಿಯಲ್ಲಿ ಎಡ ಬಲ ಬೇರೆಯಾಗಿ ಕಾಣುವುದೇ ಇಲ್ಲ.

ಬದಿಯ ಇಂಡಿಕೇಟರ್ ನಿಜವಾಗಿ ಬೇಕಾ? ಕೆಲವು ಕಾರುಗಳಲ್ಲಿ ಇಲ್ಲವೇ ಇಲ್ಲ.

ವಿಶ್ವಸಂಸ್ಥೆಯ ನಿಯಮದಲ್ಲಿ ಕಡ್ಡಾಯ. ಸಾಮಾನ್ಯವಾಗಿ ಕಾರಿನ ಮೂತಿಯಿಂದ 1,800 ಮಿಲಿಮೀಟರ್ ಒಳಗೆ ಇರಬೇಕು. ಆದ್ದರಿಂದಲೇ ಅವು ಮುಂದಿನ ಮಡ್‌ಗಾರ್ಡ್ ಮೇಲೆ ಅಥವಾ ಕನ್ನಡಿಯ ಮೇಲೆ ಕೂರುತ್ತವೆ. ಕನ್ನಡಿ ಮೂತಿಯಿಂದ ದೂರವಾದ್ದರಿಂದ ಕೆಲವು ಸಂದರ್ಭಗಳಲ್ಲಿ 2,500ರವರೆಗೂ ಬಿಡುತ್ತಾರೆ. ಅಮೆರಿಕದಲ್ಲಿ ಇದು ಕಡ್ಡಾಯವಲ್ಲ. ಅಲ್ಲಿ ಬದಿಯಲ್ಲಿ ಬೇಕಾಗಿರುವುದು ಗುರುತು ದೀಪ: ಮುಂದೆ ಅಂಬರ್, ಹಿಂದೆ ಕೆಂಪು. ನೀವು ನೋಡಿದ ಕಾರುಗಳು ಆ ಮಾರುಕಟ್ಟೆಯವು ಇರಬೇಕು. ನಿಮ್ಮ ಪಕ್ಕದಲ್ಲೇ ಬರುತ್ತಿರುವ ಬೈಕ್ ಸವಾರನಿಗೆ ಮುಂದಿನ ದೀಪವೂ ಕಾಣದು, ಹಿಂದಿನದೂ ಕಾಣದು. ಅವರಿಗಾಗಿಯೇ ಇರುವ ದೀಪ ಇದು.

ಗಾಜು ಬಿಳಿ, ಒಳಗಿನ ಬಲ್ಬ್ ಹಳದಿ. ಇದು ನಡೆಯುತ್ತಾ?

ನಡೆಯುತ್ತದೆ. ಹೊರಗೆ ಬರುವ ಬೆಳಕಿನ ಬಣ್ಣ ಅಂಬರ್ ಆಗಿದ್ದರೆ ಸಾಕು. ಈ ದೀಪಗಳಿಗೆ ಅಂಬರ್ ಬಣ್ಣದ ಪಿವೈ21ಡಬ್ಲ್ಯು ಬಲ್ಬ್ ಬರುತ್ತದೆ. ಅದರ ಬುಡದ ಎರಡು ಮೊಳೆಗಳು ಎದುರು ಬದುರು ಇರುವುದಿಲ್ಲ, ಸ್ವಲ್ಪ ಓರೆಯಾಗಿರುತ್ತವೆ. ಬಿಳಿ ಬೆಳಕಿನ ಪಿ21ಡಬ್ಲ್ಯು ಬಲ್ಬ್ ತಪ್ಪಿ ಅಲ್ಲಿ ಕೂರಬಾರದು ಎಂದೇ ಹೀಗೆ ಮಾಡಿದ್ದಾರೆ.

ಒಂದು ಎಚ್ಚರಿಕೆ. ವರ್ಷಗಳು ಕಳೆದಂತೆ ಬಲ್ಬಿನ ಬಣ್ಣದ ಲೇಪ ಸುಲಿಯುತ್ತದೆ, ಬೆಳಕು ಬಿಳಿಯಾಗುತ್ತದೆ. ಉರಿಯುತ್ತಿದ್ದರೂ ಅದು ಕಾನೂನಿಗೆ ಸರಿಯಲ್ಲ. ಗಾಜಿಗೆ ಕಪ್ಪು ಹೊಗೆ ಬಣ್ಣದ ಸ್ಟಿಕ್ಕರ್ ಹಚ್ಚುವುದೂ ಹಾಗೇ. ಬೆಳಕು ಕುಗ್ಗಿದರೆ ಆ ದೀಪಕ್ಕೆ ಸಿಕ್ಕ ಅನುಮೋದನೆಗೆ ಅರ್ಥ ಉಳಿಯುವುದಿಲ್ಲ.

### ಬದಲಾವಣೆ ಮತ್ತು ಹೊಸ ತಂತ್ರಜ್ಞಾನ

ಹಳೆ ಬಲ್ಬ್ ತೆಗೆದು ಎಲ್‌ಇಡಿ ಹಾಕಿದೆ. ಈಗ ವೇಗವಾಗಿ ಮಿನುಗುತ್ತಿದೆ. ರೆಸಿಸ್ಟರ್ ಹಾಕಿದರೆ ಕಾನೂನಿಗೆ ಸರಿಯಾಗುತ್ತಾ?

ಮಿನುಗುವ ವೇಗ ಸರಿಯಾಗುತ್ತದೆ. ಉಳಿದದ್ದು ಸರಿಯಾಗುವುದಿಲ್ಲ.

21 ವಾಟ್ ಬಲ್ಬ್ 12 ವೋಲ್ಟ್‌ನಲ್ಲಿ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಎಲ್‌ಇಡಿ ಅದರ ಸಣ್ಣ ಪಾಲನ್ನು ಎಳೆಯುತ್ತದೆ. ಕರೆಂಟ್ ಕಡಿಮೆಯಾದದ್ದನ್ನು ನೋಡಿ ಕಾರು "ಬಲ್ಬ್ ಹೋಗಿದೆ" ಎಂದುಕೊಳ್ಳುತ್ತದೆ. ರೆಸಿಸ್ಟರ್, ಅಂದರೆ ಕರೆಂಟ್ ಎಳೆದು ಶಾಖವಾಗಿ ಕಳೆಯುವ ಸಣ್ಣ ಬಿಡಿಭಾಗ, ಆ ಕೊರತೆಯನ್ನು ಸುಳ್ಳು ಸುಳ್ಳೇ ತುಂಬುತ್ತದೆ. ಆಮೇಲೆ ಎಲ್‌ಇಡಿ ನಿಜವಾಗಿ ಸತ್ತರೂ ರೆಸಿಸ್ಟರ್ ಕರೆಂಟ್ ಎಳೆಯುತ್ತಲೇ ಇರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ದೀಪ ಕೆಟ್ಟಿದೆ ಎಂದು ತಿಳಿಸುವ, ಕಾನೂನು ಕೇಳುವ ಸೂಚನೆಯನ್ನು ನೀವೇ ಕೈಯಾರೆ ತೆಗೆದಂತಾಯಿತು. ರೆಸಿಸ್ಟರ್ ಬಿಸಿಯಾಗಿ ಪಕ್ಕದ ಪ್ಲಾಸ್ಟಿಕ್ ಕರಗಿಸುವ ಅಪಾಯ ಬೇರೆ.

ಇನ್ನೊಂದು ವಿಚಾರ ಬೆಳಕಿನ ಹರಡುವಿಕೆ. ದೀಪದ ಒಳಗಿನ ಕನ್ನಡಿಯನ್ನು ಹಳೆ ಬಗೆಯ ಬಲ್ಬಿನ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಬೆಳಕು ಬೇರೆ ಕಡೆಯಿಂದ ಹೊರಡುತ್ತದೆ. ನೇರ ನೋಡಿದರೆ ಪ್ರಕಾಶ ಚೆನ್ನಾಗಿ ಕಾಣುತ್ತದೆ, ಓರೆಯಿಂದ ನೋಡಿದರೆ ಮಸುಕು. ಆದರೆ ನಿಯಮದ ಪ್ರಕಾರ ಇಂಡಿಕೇಟರ್ ಒಳಬದಿಗೆ 45 ಡಿಗ್ರಿ, ಹೊರಬದಿಗೆ 80 ಡಿಗ್ರಿವರೆಗೆ ಕಾಣಬೇಕು. ಕಾರ್ಖಾನೆಯಿಂದಲೇ ಎಲ್‌ಇಡಿ ದೀಪವಾಗಿ ಅನುಮೋದನೆ ಪಡೆದು ಬಂದದ್ದಕ್ಕೆ ಈ ತೊಂದರೆ ಇಲ್ಲ.

ದೀಪದ ಗಾಜಿನ ಮೇಲೆ 1ಎ, 2ಎ ಅಂತ ಏನೇನೋ ಬರೆದಿದೆ. ಅದೇನು?

ಅದು ದೀಪದ ವರ್ಗ. ವೃತ್ತದೊಳಗಿನ ಇಂಗ್ಲಿಷ್ "ಇ" ಅಕ್ಷರ ವಿಶ್ವಸಂಸ್ಥೆಯ ಅನುಮೋದನೆ ಗುರುತು. ಜೊತೆಯ ಅಂಕಿ ಅನುಮೋದಿಸಿದ ದೇಶ: 1 ಜರ್ಮನಿ, 4 ನೆದರ್ಲೆಂಡ್ಸ್. 1, 1ಎ, 1ಬಿ ಎಂದರೆ ಮುಂದಿನ ಇಂಡಿಕೇಟರ್. 2ಎ, 2ಬಿ ಹಿಂದಿನದು. 5 ಮತ್ತು 6 ಬದಿಯದು.

ಮುಂದಿನದಕ್ಕೆ ಮೂರು ವರ್ಗ ಏಕೆ? ಹೆಡ್‌ಲೈಟಿನ ಹತ್ತಿರ ಕೂತಷ್ಟೂ ಇಂಡಿಕೇಟರ್ ಅದರ ಬೆಳಕಿನಲ್ಲಿ ಮುಳುಗುತ್ತದೆ. ಅದಕ್ಕೇ ಹತ್ತಿರವಿದ್ದಷ್ಟೂ ಹೆಚ್ಚು ಪ್ರಕಾಶ ಬೇಕು. 40 ಮಿಲಿಮೀಟರ್ ಅಥವಾ ಹೆಚ್ಚು ದೂರವಿದ್ದರೆ ಕನಿಷ್ಠ 175 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ), 20ರಿಂದ 40ರ ನಡುವೆ 250, ಅದಕ್ಕೂ ಹತ್ತಿರವಾದರೆ 400. ಹಿಂದಿನ 2ಎ ದೀಪಕ್ಕೆ 50 ಸಾಕು.

ಅಮೆರಿಕದ ದೀಪಗಳಲ್ಲಿ ಸರ್ಕಾರದ ಪೂರ್ವ ಅನುಮೋದನೆ ಇರುವುದಿಲ್ಲ. ಮಾನದಂಡ ಪಾಲಿಸಿದ್ದೇವೆ ಎಂದು ತಯಾರಕರೇ ಪ್ರಮಾಣಿಸುತ್ತಾರೆ.

ಇಂಡಿಕೇಟರ್ ಹಾಕಿದಾಗ ಪಕ್ಕದ ಹಗಲು ದೀಪ ಆರುತ್ತದೆ. ದೋಷವಾ?

ದೋಷವಲ್ಲ. ಅಂಬರ್ ಬೆಳಕು ಎದ್ದು ಕಾಣಲಿ ಎಂದು ಹಾಗೆ ಮಾಡುತ್ತಾರೆ. ಎರಡೂ ತೀರಾ ಹತ್ತಿರವಿದ್ದಾಗ ಆ ಬದಿಯ ಹಗಲು ದೀಪವನ್ನು ಆರಿಸಲು ಅಥವಾ ಮಂದ ಮಾಡಲು ನಿಯಮವೇ ಅವಕಾಶ ಕೊಟ್ಟಿದೆ.

ಓಡುವ ಇಂಡಿಕೇಟರ್, ಅಂದರೆ ಒಳಗಿನಿಂದ ಹೊರಗೆ ಸಾಲಾಗಿ ಹೊತ್ತಿಕೊಳ್ಳೋದು, ಎಲ್ಲ ಕಡೆ ಸರಿನಾ?

ಅನುಮೋದಿತ ದೀಪವಾದರೆ ವಿಶ್ವಸಂಸ್ಥೆಯ ನಿಯಮದಲ್ಲಿ ಸರಿ, ಷರತ್ತುಗಳಿವೆ. ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿನಲ್ಲಿ ಹೊತ್ತಿಕೊಳ್ಳಬೇಕು. 200 ಮಿಲಿಸೆಕೆಂಡ್ ಒಳಗೆ ಪೂರ್ತಿ ಉರಿಯಬೇಕು. ಒಮ್ಮೆ ಹೊತ್ತಿದ ಭಾಗ ಆ ಮಿನುಗು ಮುಗಿಯುವವರೆಗೂ ಆರಬಾರದು. ಕಲ್ಪನೆ ಹೊಸದೇನಲ್ಲ, 1965ರ ಫೋರ್ಡ್ ಥಂಡರ್‌ಬರ್ಡ್‌ನಲ್ಲೇ ಇತ್ತು. ಹೊರಗಿನಿಂದ ಅಂಟಿಸುವ ಪಟ್ಟಿಗಳು, ಹಿಂದೆ ಮುಂದೆ ಓಡುವ ಅಲಂಕಾರಗಳು ಈ ಷರತ್ತುಗಳಿಗೆ ಸೇರುವುದಿಲ್ಲ.

ಡಿಕ್ಕಿ ಬಾಗಿಲ ಮೇಲೆ ಇಂಡಿಕೇಟರ್ ಇದೆ. ಬಾಗಿಲು ತೆರೆದರೆ ಕಾಣೋದೇ ಇಲ್ವಲ್ಲ?

ಸರಿಯಾದ ಅನುಮಾನ. ತೆರೆದಾಗಲೂ ನಿಯಮದ ಪ್ರಕಾರ ದೀಪ ಕಾಣದಿದ್ದರೆ ಬೇರೆ ಕಡೆ ಹೆಚ್ಚುವರಿ ದೀಪ ಬೇಕು. ಆಡಿ ಕ್ಯೂ7ನಲ್ಲಿ ದೀಪಗಳು ಬಾಗಿಲ ಜೊತೆ ಮೇಲೆ ಹೋಗುತ್ತವೆ, ಆಗ ಬಂಪರಿನಲ್ಲಿರುವ ದೀಪಗಳು ಕೆಲಸ ಶುರು ಮಾಡುತ್ತವೆ. ತೆರೆದ ಡಿಕ್ಕಿಯೊಂದಿಗೆ ಕೆಟ್ಟು ನಿಂತ ಕಾರಿಗೆ ಇದು ಜೀವದ ಪ್ರಶ್ನೆ. ಹಜಾರ್ಡ್ ದೀಪ ಕೂಡ ಅದೇ ಇಂಡಿಕೇಟರ್ ಅಲ್ವಾ? ಎಂಜಿನ್ ಆಫ್ ಮಾಡಿ ಕೀಲಿ ತೆಗೆದರೂ ಹಜಾರ್ಡ್ ಉರಿಯಬೇಕು ಎಂದು ನಿಯಮ ಹೇಳುವುದೂ ಇದಕ್ಕೇ.

ಮುಂದಿನ ಕಾರು ಜೋರಾಗಿ ಬ್ರೇಕ್ ಹಾಕಿದಾಗ ಎಲ್ಲ ದೀಪಗಳೂ ಬೇಗ ಬೇಗ ಮಿನುಗಿದವು. ಅದು ಅನುಮತಿ ಇರುವುದಾ?

ಇದೆ. ಅದು ವಿಶ್ವಸಂಸ್ಥೆಯ ನಿಯಮದಲ್ಲಿರುವ ತುರ್ತು ಬ್ರೇಕ್ ಸೂಚನೆ. ಕಾರು ಗಂಟೆಗೆ 50 ಕಿಲೋಮೀಟರ್‌ಗಿಂತ ಹೆಚ್ಚು ವೇಗದಲ್ಲಿದ್ದು, ಪ್ರತಿ ಸೆಕೆಂಡಿಗೆ 6 ಮೀಟರ್‌/ಸೆಕೆಂಡ್‌ಗಿಂತ ಹೆಚ್ಚು ದರದಲ್ಲಿ ವೇಗ ಇಳಿದಾಗ ಮಾತ್ರ ತಾನಾಗಿ ಬರುತ್ತದೆ. ಬ್ರೇಕ್ ದೀಪಗಳನ್ನು ಅಥವಾ ಇಂಡಿಕೇಟರ್‌ಗಳನ್ನು ಸೆಕೆಂಡಿಗೆ ಸುಮಾರು 4 ಸಲ ಮಿನುಗಿಸುತ್ತಾರೆ. ಸಾಮಾನ್ಯ ಇಂಡಿಕೇಟರ್ ಸೆಕೆಂಡಿಗೆ ಹೆಚ್ಚೆಂದರೆ 2 ಸಲ. ಎರಡನ್ನೂ ಬೆರೆಸಿ ನೋಡುವ ಅವಕಾಶವೇ ಇರುವುದಿಲ್ಲ. ಇದನ್ನು ಕೈಯಿಂದ ಹಾಕುವ ಸ್ವಿಚ್ ಜೋಡಿಸಿಕೊಳ್ಳುವಂತಿಲ್ಲ.

ಟ್ರೇಲರ್ ಎಳೆಯುವಾಗ ಅದರ ಇಂಡಿಕೇಟರ್ ಕೆಟ್ಟರೆ ನನಗೆ ಹೇಗೆ ಗೊತ್ತಾಗಬೇಕು?

ಟ್ರೇಲರ್ ಎಳೆಯಲು ಸಜ್ಜಾದ ಕಾರಿನಲ್ಲಿ ಟ್ರೇಲರ್‌ನ ಇಂಡಿಕೇಟರ್‌ಗೆ ಬೇರೆ ಸೂಚನಾ ದೀಪ ಬೇಕು. ಕಾರಿನ ಮಾಮೂಲಿ ಸೂಚನಾ ದೀಪವೇ ಎರಡರ ದೋಷವನ್ನೂ ತೋರಿಸುವಂತಿದ್ದರೆ ಬೇಡ. ವೈರ್ ಕೊಯ್ದು ಸೇರಿಸುವ ಅಗ್ಗದ ಜೋಡಣೆಗಳಲ್ಲಿ ಇದು ತಪ್ಪಿ ಹೋಗುತ್ತದೆ.

ನನ್ನ ಹಳೆ ಕಾರಿನಲ್ಲಿ ಇಂಡಿಕೇಟರೇ ಇಲ್ಲ, ಬದಿಯಿಂದ ಹೊರಬರುವ ಕೈಕಡ್ಡಿ ಇದೆ. ಓಡಿಸಬಹುದಾ?

ಹೆಚ್ಚಿನ ದೇಶಗಳು ಹಳೆ ಕಾರನ್ನು ಅದು ತಯಾರಾದ ಕಾಲದ ನಿಯಮದಿಂದಲೇ ಅಳೆಯುತ್ತವೆ. ಬ್ರಿಟನ್‌ನಲ್ಲಿ 1936ರ ಜನವರಿ 1ಕ್ಕೆ ಮೊದಲು ರಸ್ತೆಗಿಳಿದ ವಾಹನಕ್ಕೆ ಇಂಡಿಕೇಟರ್ ಕಡ್ಡಾಯವಲ್ಲ. 1965ರ ಸೆಪ್ಟೆಂಬರ್ 1ಕ್ಕೆ ಮೊದಲಿನವು ಮುಂದೆ ಬಿಳಿ, ಹಿಂದೆ ಕೆಂಪು ಇಂಡಿಕೇಟರ್ ಇಟ್ಟುಕೊಳ್ಳಬಹುದು. ಕಾನೂನು ಬಿಟ್ಟರೂ ಇಂದಿನ ಚಾಲಕರಿಗೆ ಆ ಕೈಕಡ್ಡಿಯ ಅರ್ಥ ಗೊತ್ತಿರುವುದಿಲ್ಲ. ಕಾರಿನ ಅಂದ ಕೆಡದಂತೆ ಅಂಬರ್ ದೀಪಗಳನ್ನು ಜೊತೆಗೆ ಸೇರಿಸಿಕೊಳ್ಳುವುದು ಒಳ್ಳೆಯದು.

ಕಾರು ತಾನಾಗಿ ಲೇನ್ ಬದಲಿಸುತ್ತದೆ. ಆಗ ಇಂಡಿಕೇಟರ್ ಹಾಕುವವರು ಯಾರು?

ಸ್ಟೀರಿಂಗ್ ಬಗ್ಗೆ ಇರುವ ವಿಶ್ವಸಂಸ್ಥೆಯ 79ನೇ ನಿಯಮ ಇದಕ್ಕೆ ಉತ್ತರ ಕೊಡುತ್ತದೆ. ಚಾಲಕನ ನೆರವಿಗೆ ಇರುವ ವ್ಯವಸ್ಥೆಯಲ್ಲಿ, ಚಾಲಕ ಇಂಡಿಕೇಟರ್ ಕಡ್ಡಿ ಒತ್ತುವುದೇ ಲೇನ್ ಬದಲಿಸುವ ಆದೇಶ. ಒತ್ತಿದ ಮೇಲೆ ಲೇನ್ ಬದಲಾವಣೆಗೆ ಮೊದಲು 3 ಸೆಕೆಂಡ್ ಸೂಚನೆ ಮಿನುಗಿರಬೇಕು. ಕನ್ನಡಿ ನೋಡುವ ಹೊಣೆ ಆಗಲೂ ಚಾಲಕನದೇ.